ತಾತನ ರಿವಾಲ್ವರಿಗೆ ಎಷ್ಟು ಬೆಲೆ?

"ಹಿಸ್ಟರಿ ಬರೀತೀಯಲ್ಲ, ಇದರ ರೇಟ್ ಎಷ್ಟಾಗಬಹುದು ಹೇಳು" ಅಂತ ದೊಡ್ಡಬಳ್ಳಾಪುರದ ಗೆಳೆಯ ಫೋಟೋ ಕಳಿಸಿದ್ದ. ಅವನ ತಾತ ತೀರಿಕೊಂಡು ತಿಂಗಳೂ ಆಗಿರಲಿಲ್ಲ. ಫೋಟೋದಲ್ಲಿದ್ದದ್ದು ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ .32 ರಿವಾಲ್ವರ್. ಲೈಸೆನ್ಸ್ ಇದ್ದದ್ದು ತಾತನ ಹೆಸರಲ್ಲಿ. ಮೊದಲು ಅದನ್ನ ಪೊಲೀಸ್ ಸ್ಟೇಷನ್ನಿಗೋ ಲೈಸೆನ್ಸ್ ಇರುವ ಡೀಲರಿಗೋ ಒಪ್ಪಿಸಿ ಬಾ, ರೇಟಿನ ಮಾತು ಆಮೇಲೆ ಅಂದೆ. ಒಪ್ಪಿಸಿದ.

ಮುಂದಿನ ಭಾನುವಾರ ದೇವನಹಳ್ಳಿಯಲ್ಲಿ ಸಿಕ್ಕೆವು. ಏರ್‌ಪೋರ್ಟ್ ದಾರಿಯಲ್ಲಿ ನೂರು ಸಲ ಓಡಾಡಿದರೂ ಅವನು ಕೋಟೆಯೊಳಗೆ ಕಾಲಿಟ್ಟಿರಲಿಲ್ಲ. 1749ರ ಮುತ್ತಿಗೆಯಲ್ಲಿ ಹೈದರಾಲಿ ಹೆಸರು ಮಾಡಿದ್ದು ಇಲ್ಲೇ, ಟಿಪ್ಪು ಹುಟ್ಟಿದ್ದೂ ಇಲ್ಲೇ. ಟಿಪ್ಪು ಕಾಲಕ್ಕೆ ರಿವಾಲ್ವರ್ ಇರಲಿಲ್ಲ ಬಿಡಿ. ಸ್ಯಾಮ್ಯುಯೆಲ್ ಕೋಲ್ಟ್ ಅಮೆರಿಕದಲ್ಲಿ ಪೇಟೆಂಟ್ ತಗೊಂಡದ್ದು 1836ರಲ್ಲಿ. ಆದರೆ ಹಳೇ ಆಯುಧದ ಬೆಲೆ ಹೇಗೆ ಕಟ್ಟುತ್ತಾರೆ ಅನ್ನೋದಕ್ಕೆ ಟಿಪ್ಪುವಿಗಿಂತ ಒಳ್ಳೇ ಉದಾಹರಣೆ ನನಗೆ ಗೊತ್ತಿಲ್ಲ.

2015ರಲ್ಲಿ ಲಂಡನ್ನಿನ ಬೋನ್‌ಹ್ಯಾಮ್ಸ್ ಹರಾಜಿನಲ್ಲಿ ಅವನ ಎರಡು ಗುಂಡಿನ ಒಂದು ಬೇಟೆ ಬಂದೂಕು 7 ಲಕ್ಷ ಪೌಂಡ್ ದಾಟಿತು. 2023ರ ಮೇನಲ್ಲಿ ಅವನ ಶಯನಗೃಹದ ಖಡ್ಗಕ್ಕೆ ಅದೇ ಸಂಸ್ಥೆ ಅಂದಾಜು ಮಾಡಿದ್ದು 15ರಿಂದ 20 ಲಕ್ಷ ಪೌಂಡ್. ಹೋದದ್ದು 1 ಕೋಟಿ 40 ಲಕ್ಷ ಪೌಂಡಿಗೆ, ಅಂದರೆ ನಮ್ಮ 140 ಕೋಟಿ ರೂಪಾಯಿಗೂ ಮೇಲೆ. ಅಷ್ಟು ಚೆಂದದ ಕಬ್ಬಿಣ ಬೇರೆಲ್ಲೂ ಸಿಗಲ್ವಾ? ಸಿಗುತ್ತೆ. ಆದರೆ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಖಡ್ಗ ಸಿಕ್ಕಿದ್ದೆಲ್ಲಿ, ಜನರಲ್ ಬೇರ್ಡ್‌ಗೆ ಕೊಟ್ಟವರು ಯಾರು ಅನ್ನೋದಕ್ಕೆಲ್ಲ ದಾಖಲೆಯಿತ್ತು. ಟಿಪ್ಪುವಿನ ಬಂದೂಕುಗಳ ಮೇಲೂ ಅಷ್ಟೇ, ಹುಲಿಪಟ್ಟೆಯ ಜೊತೆಗೆ ಕಾರ್ಖಾನೆ ಇದ್ದ ಊರು, ಅವನೇ ಶುರುಮಾಡಿದ ಮೌಲೂದಿ ವರ್ಷ ಕೆತ್ತಿರುತ್ತೆ. ಅದನ್ನ ಓದಬಲ್ಲವರು ದುಡ್ಡು ಕೊಡ್ತಾರೆ. ಸುಲಿಗೆಯ ಮಾಲಿಗೆ ಸುಲಿಗೆಯ ಲೆಕ್ಕವೇ ಬೆಲೆ ತರುತ್ತೆ ಅನ್ನೋದು ನನಗೆ ಇವತ್ತಿಗೂ ಕಸಿವಿಸಿ.

"ನಮ್ಮ ತಾತ ಸುಲ್ತಾನ ಅಲ್ಲವಲ್ಲ" ಅಂದ ಗೆಳೆಯ. ನಿಜ. ಅವನದಕ್ಕೆ ಲೆಕ್ಕ ಬೇರೆ. ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಮುದ್ರೆ ಅಳಿಸಿರಬಾರದು, ಫ್ರೇಮಿನ ನಂಬರೂ ಸಿಲಿಂಡರಿನ ನಂಬರೂ ಹೊಂದಬೇಕು, ಹೊಳೆಯಲಿ ಅಂತ ಯಾರೂ ಹೊಸದಾಗಿ ಪಾಲಿಶ್ ಮಾಡಿಸಿರಬಾರದು. ಇವೆಲ್ಲ ಸರಿಯಿದ್ದವು. ಆದರೆ ಇಂಥ ರಿವಾಲ್ವರಿಗೆ ಇಂಗ್ಲೆಂಡಿಗಿಂತ ನಮ್ಮಲ್ಲೇ ಬೆಲೆ ಜಾಸ್ತಿ. 1980ರ ದಶಕದ ನಡುವಿನಿಂದ ಜನಸಾಮಾನ್ಯರಿಗೆ ವಿದೇಶಿ ಕೈಬಂದೂಕಿನ ಆಮದು ನಿಂತುಹೋಯ್ತು. ದೇಶದೊಳಗೆ ಇದ್ದದ್ದೇ ಇಷ್ಟು, ಅವೇ ಕೈ ಬದಲಾಯಿಸಬೇಕು. ಹಾಗಾಗಿ ಬೆಲೆ ಲಕ್ಷಗಳಲ್ಲಿ.

ಆ ಲಕ್ಷ ಮಾರುವವನ ಕೈಗೆ ಸಿಗುತ್ತಾ ಅನ್ನೋದು ಬೇರೆ ಕಥೆ. ಕೊಳ್ಳುವವನಿಗೂ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಮೊದಲು ಮೂರಿತ್ತು. 1959ರ ಆಯುಧ ಕಾಯ್ದೆಯ ಪ್ರಕಾರ ಒಪ್ಪಿಸಿದ ಆಯುಧವನ್ನ ಗಡುವಿನೊಳಗೆ ಮಾರದಿದ್ದರೆ, ಅಥವಾ ವಾರಸುದಾರ ತನ್ನ ಹೆಸರಿಗೆ ಲೈಸೆನ್ಸ್ ಮಾಡಿಸಿ ಬಿಡಿಸಿಕೊಳ್ಳದಿದ್ದರೆ, ಅದು ಸರ್ಕಾರದ್ದು. ಗೆಳೆಯನಿಗೆ ಬಂದೂಕು ಇಟ್ಟುಕೊಳ್ಳೋ ಮನಸ್ಸಿರಲಿಲ್ಲ. ಡೀಲರಿಗೆ ಇದೆಲ್ಲ ಗೊತ್ತು. ಅವನು ಹೇಳಿದ ಮೊತ್ತ ರಿವಾಲ್ವರಿನದ್ದಲ್ಲ, ಗೆಳೆಯನ ಅವಸರದ್ದು. ಹಾಗಾಗಿ ನ್ಯಾಯವಾದ ಬೆಲೆ ಅಂದರೆ ಲೈಸೆನ್ಸ್ ಕೈಯಲ್ಲಿರುವ ಇನ್ನಿಬ್ಬರನ್ನ ಕೇಳಿದ ಮೇಲೆ ಬರುವ ಬೆಲೆ ಅಂದೆ. ಕೇಳಿದ. ಮೊದಲ ಮೊತ್ತಕ್ಕಿಂತ ಕಾಲುಭಾಗ ಹೆಚ್ಚಿಗೆ ಒಬ್ಬರು ಒಪ್ಪಿದರು. ತಾತ ಕೊಂಡಾಗಿನ ಮೂಲ ರಸೀದಿಯನ್ನೂ ಕೊಟ್ಟರೆ ಇನ್ನೂ ಸ್ವಲ್ಪ ಸೇರಿಸ್ತೀನಿ ಅಂದರು. ಕೊಟ್ಟುಬಿಡು, ಇತಿಹಾಸ ವಸ್ತುವಿನ ಜೊತೆಗೇ ಹೋಗಬೇಕು ಅಂತ ನಾನು ಭಾಷಣ ಬಿಗಿದೆ.

ಅವರಮ್ಮ ರಸೀದಿ ತೆಗೆದು ನೋಡಿದರು. ಕೆಳಗೆ ತಾತನ ಕನ್ನಡ ಸಹಿ ಇತ್ತು. ಮಡಿಸಿ ಮತ್ತೆ ಬೀರುವಿನಲ್ಲೇ ಇಟ್ಟರು.