ಬೂಸಾ ಮಾತಿನಾಚೆಗಿನ ಬಸವಲಿಂಗಪ್ಪ

ಬೆಂಗಳೂರಿನ ಉತ್ತರಕ್ಕಿರುವ ಯಲಹಂಕ ವಿಧಾನಸಭಾ ಕ್ಷೇತ್ರ 2008ರ ಮರುವಿಂಗಡಣೆಗೆ ಮೊದಲು ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. 1978ರಲ್ಲಿ ಅಲ್ಲಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ಗೆದ್ದವರು ಬಿ. ಬಸವಲಿಂಗಪ್ಪ. ಅವರು ಆ ಚುನಾವಣೆಗೂ ಮೊದಲೇ ನಾಡಿನಾದ್ಯಂತ ಮನೆಮಾತಾಗಿದ್ದರು.

ವೃತ್ತಿಯಲ್ಲಿ ವಕೀಲರು, ನಂಬಿಕೆಯಲ್ಲಿ ಅಂಬೇಡ್ಕರ್‌ವಾದಿ. 1972ರಲ್ಲಿ ಮುಖ್ಯಮಂತ್ರಿಯಾದ ದೇವರಾಜ ಅರಸು, ಬಸವಲಿಂಗಪ್ಪನವರಿಗೆ ಪೌರಾಡಳಿತ ಖಾತೆ ವಹಿಸಿದರು. ಪುರಸಭೆಗಳ ಚರಂಡಿ, ಕಂದಾಯ, ನೇಮಕಾತಿ ನೋಡಿಕೊಳ್ಳುವ ಈ ಖಾತೆ ಮೇಲ್ನೋಟಕ್ಕೆ ದೊಡ್ಡದೇನಲ್ಲ. ಅದನ್ನೇ ಹಿಡಿದು ಅವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು.

ಆ ಕೆಲಸ ಹೇಗಿತ್ತೆಂಬುದನ್ನು ಇಂದಿನ ಓದುಗರಿಗೆ ಬಿಡಿಸಿ ಹೇಳಲೇಬೇಕು. ಒಣ ಕಕ್ಕಸಿನ ಹಿಂಬದಿಗೆ ಒಂದು ಗಿಡ್ಡ ಕಿಂಡಿ. ಬೆಳಗಿನ ಜಾವ ಅಲ್ಲಿ ಕುಕ್ಕರುಗಾಲಲ್ಲಿ ಕೂತು, ತಗಡಿನ ತುಂಡಿನಿಂದ ಕೆರೆದು, ಬುಟ್ಟಿಗೋ ಡಬ್ಬಕ್ಕೋ ತುಂಬಿ, ತಲೆಗೇರಿಸಿಕೊಂಡು ಗಾಡಿಯವರೆಗೆ ನಡೆಯಬೇಕು. ಮಳೆ ಬಂದರೆ ಸೋರಿದ್ದು ಮುಖಕ್ಕೇ ಇಳಿಯುತ್ತಿತ್ತು. ಇದನ್ನು ನಿಲ್ಲಿಸಲು ಸಂಸತ್ತು ಕಾಯ್ದೆ ಮಾಡಿದ್ದು 1993ರಲ್ಲಿ. ಬಸವಲಿಂಗಪ್ಪನವರ ನಿಷೇಧ ಅದಕ್ಕಿಂತ ಸುಮಾರು ಎರಡು ದಶಕ ಹಿಂದಿನದು. ಅವರ ರಾಜಕೀಯ ಬದುಕಿನಲ್ಲಿ ಇದಕ್ಕಿಂತ ಘನವಾದ ಕೆಲಸ ಬೇರೊಂದಿಲ್ಲ.

ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಒಂದು ಮಾತು. 1973ರ ನವೆಂಬರ್‌ನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಅವರು ದಲಿತ ವಿದ್ಯಾರ್ಥಿಗಳು ಇಂಗ್ಲಿಷ್ ಕಲಿಯಬೇಕೆಂದೂ, ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆಯೆಂದೂ ಹೇಳಿದರು. ಬೂಸಾ ಎಂದರೆ ಗೋಧಿಯ ತೌಡು; ಹಿಂಡಿಯೊಂದಿಗೆ ಕಲಸಿ ದನಕ್ಕೆ ಇಡುವ ಮೇವು. ತಮ್ಮ ಜನರ ಬದುಕಿಗೆ ಜಾಗ ಕೊಡದ ಸಾಹಿತ್ಯದಲ್ಲಿ ತಿರುಳೆಲ್ಲಿದೆ ಎಂಬುದು ಆ ಮಾತಿನ ಹಿಂದಿನ ನೋವು. ಹೊರಗೆ ಹಬ್ಬಿದ್ದು ಕನ್ನಡಕ್ಕೆ ಅವಮಾನವಾಯಿತೆಂಬ ಕೂಗು. ಕಾಲೇಜುಗಳಿಂದ ಮೆರವಣಿಗೆಗಳು ಹೊರಟವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಕುವೆಂಪು ಬಸವಲಿಂಗಪ್ಪನವರ ಪರ ನಿಂತರು. ಆದರೂ ಒತ್ತಡ ತಗ್ಗಲಿಲ್ಲ. ಅವರು ಸಚಿವ ಸ್ಥಾನ ಬಿಡಬೇಕಾಯಿತು. ಭೂಸುಧಾರಣೆಗೆ, ಹಿಂದುಳಿದ ವರ್ಗಗಳ ಮೀಸಲಾತಿಗೆ ಹೆಸರಾದ ಅರಸು ಸರ್ಕಾರ ತನ್ನ ದಲಿತ ಮಂತ್ರಿಯೊಬ್ಬರನ್ನು ಒಂದು ಮಾತಿಗಾಗಿ ಕೈಬಿಟ್ಟದ್ದು ಆ ಕಾಲದ ದೊಡ್ಡ ಸೋಲು.

ಪೆಟ್ಟು ತಿಂದ ಹಾಸ್ಟೆಲ್ ಹುಡುಗರು ಸುಮ್ಮನಿರಲಿಲ್ಲ. ಊರೂರಲ್ಲಿ ಚದುರಿದ್ದ ದಲಿತ ಯುವಕರು ಒಬ್ಬರನ್ನೊಬ್ಬರು ಹುಡುಕಿಕೊಂಡರು. ಭದ್ರಾವತಿಯಲ್ಲಿ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರ ಮುಂದಾಳ್ತನದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. 1975ರಲ್ಲಿ ಕವಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಮಂತ್ರಿ ಎತ್ತಿದ್ದ ಪ್ರಶ್ನೆಗೆ ಕನ್ನಡ ಸಾಹಿತ್ಯವೇ ಹೀಗೆ ಉತ್ತರ ಕೊಡತೊಡಗಿತು.

ಬಸವಲಿಂಗಪ್ಪ ಮುಂದೆ ಮತ್ತೆ ಸಚಿವರೂ ಆದರು. ಅವರ ನಿಷೇಧ ಮಾತ್ರ ಎಲ್ಲ ಊರುಗಳನ್ನು ತಲುಪಲಿಲ್ಲ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಮಲ ಹೊರುವ ಕೆಲಸದಲ್ಲೇ ಉಳಿದಿದ್ದ ಭಂಗಿ ಸಮುದಾಯದವರು ತಮ್ಮನ್ನು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ, ಪುರಸಭೆಯ ಮುಂದೆ ತಲೆಯ ಮೇಲೆ ಮಲ ಸುರಿದುಕೊಂಡರು.