ರಂಗಭೂಮಿಯ ಮೇಲೆ ಬಿಜ್ಜಳ ಮಹಾರಾಜನು

ಜಗಳೂರು ತಾಲ್ಲೂಕಿನ ಸೊಕ್ಕೆಯ ಸೀಮೆಯು ಬಯಲಾಟವನ್ನು ಬಲ್ಲ ಸೀಮೆ. ಸುಗ್ಗಿ ತೀರಿ ಕಣಗಳು ಬರಿದಾದ ಮೇಲೆ, ಊರ ಮುಂದಣ ಬಯಲಿನಲ್ಲಿ ಅಟ್ಟವನ್ನು ಕಟ್ಟಿ, ರಾತ್ರಿ ಮೊದಲಾದ ಆಟವನ್ನು ಬೆಳಗಾಗುವವರೆಗೂ ನೋಡುವ ವಾಡಿಕೆಯು ಚಿತ್ರದುರ್ಗ ಬಳ್ಳಾರಿ ಪ್ರಾಂತದ ಹಳ್ಳಿಗಳಲ್ಲಿ ತಲೆತಲಾಂತರದಿಂದ ಬಂದುದಾಗಿದೆ. ಸಾರಥಿಯು ‘ತಾವು ಧಾರು’ ಎಂದು ಕೇಳಲು, ದುರ್ಯೋಧನನ ವೇಷವು ಅಟ್ಟವು ನಡುಗುವಂತೆ ಹೆಜ್ಜೆಯಿಟ್ಟು ತನ್ನ ಬಿರುದುಗಳನ್ನು ಹೇಳಿಕೊಳ್ಳುವುದು. ಮೊದಲ ಜಾವದಲ್ಲಿ ಅವನ ಗರ್ವವನ್ನು ಕಂಡು ಹಲ್ಲು ಕಡಿದ ಜನವೇ, ಕಡೆಯ ಜಾವದಲ್ಲಿ ಅವನು ತೊಡೆ ಮುರಿದು ಬಿದ್ದಾಗ ಸೆರಗಿನಿಂದ ಕಣ್ಣೊರಸಿಕೊಳ್ಳುವುದುಂಟು. ಆ ಜನ ದುರ್ಯೋಧನನ ಅಪರಾಧವನ್ನು ಮರೆತರೆಂದಲ್ಲ. ದ್ರೌಪದಿಯ ಮಾನಭಂಗದ ಪ್ರಸಂಗವನ್ನು ಹಿಂದಿನ ರಾತ್ರಿಯೇ ಕಂಡವರು ಅವರು.

ಈ ಮನೋಧರ್ಮವು ನಮ್ಮ ಸಾಹಿತ್ಯಕ್ಕೂ ಹೊಸದಲ್ಲ. ಭೀಮನನ್ನು ನಾಯಕನನ್ನಾಗಿಸಿ, ಅವನಲ್ಲಿ ತನ್ನ ದೊರೆ ಸತ್ಯಾಶ್ರಯನನ್ನು ಕಂಡು ಕಾವ್ಯ ಬರೆದ ರನ್ನನ ಗದಾಯುದ್ಧದಲ್ಲಿ ಓದುಗರ ಹೃದಯವನ್ನು ಸೆಳೆದುಕೊಂಡವನು ದುರ್ಯೋಧನನೇ. ಸಂಸ್ಕೃತ ನಾಟಕಗಳು ಮಂಗಳದಲ್ಲಿಯೇ ಮುಗಿಯಬೇಕೆಂಬ ಸಂಪ್ರದಾಯವಿದ್ದರೂ, ಭಾಸನದೆಂದು ಪ್ರಸಿದ್ಧವಾದ ಊರುಭಂಗವು ಆ ಕಟ್ಟಳೆಯನ್ನು ಮೀರಿ ನಿಂತಿದೆ. ಬಿ. ಎಂ. ಶ್ರೀಕಂಠಯ್ಯನವರು ಯವನರ ರುದ್ರನಾಟಕಗಳನ್ನು ಮನಸ್ಸಿಟ್ಟು ಓದಿದವರಾದುದರಿಂದ, ರನ್ನನ ಕಾವ್ಯದಲ್ಲಿ ಅಡಗಿದ್ದ ಈ ತೇಜಸ್ಸನ್ನು ಗುರುತಿಸಿ 1926ರಲ್ಲಿ ಗದಾಯುದ್ಧ ನಾಟಕವನ್ನು ಹೊರತಂದರು. ಮೂರು ವರ್ಷಗಳ ತರುವಾಯ ಸೋಫೊಕ್ಲೀಸನ ಒಂದು ನಾಟಕವನ್ನು ಅಶ್ವತ್ಥಾಮನ ಕಥೆಗೆ ಹೊಂದಿಸಿದರು. ಪೂರ್ಣ ಸಜ್ಜನನೂ ಅಲ್ಲದ, ಪೂರ್ಣ ದುರ್ಜನನೂ ಅಲ್ಲದ ದೊಡ್ಡ ಮನುಷ್ಯನೊಬ್ಬನು ತನ್ನದೇ ಒಂದು ತಪ್ಪಿನಿಂದ ಕೆಡುವಾಗ ನೋಡುವವರಲ್ಲಿ ಮರುಕವೂ ಭಯವೂ ಹುಟ್ಟುವುವೆಂದು ಅರಿಸ್ಟಾಟಲನು ಹೇಳಿದುದು ಈ ಬಗೆಯ ನಾಯಕನನ್ನು ಕುರಿತೇ.

ದುರ್ಯೋಧನನ ಮೇಲೆ ಮರುಕ ತೋರಿಸುವುದು ಸುಲಭ. ಅವನು ದ್ವಾಪರದವನು. ಆದರೆ ಶರಣಮಾರ್ಗದಲ್ಲಿ ನಡೆಯುವ ಭಕ್ತರಿಗೆ ಬಿಜ್ಜಳನ ಹೆಸರು ಅಷ್ಟು ದೂರದ್ದಲ್ಲ. ಅವನ ರಾಜ್ಯದಲ್ಲಿ ಹರಳಯ್ಯ ಮಧುವರಸರು ಕಣ್ಣು ಕಳೆದುಕೊಂಡು ಎಳೆಹೂಟೆಗೆ ಒಳಗಾದರು, ಕಲ್ಯಾಣವು ಕದಡಿತು, ಶರಣರು ದಿಕ್ಕು ದಿಕ್ಕಿಗೆ ಚೆದರಿದರು. ಈ ಕಥೆಯನ್ನು ಮಠದ ಅಂಗಳದಲ್ಲಿ ಪುರಾಣವಾಗಿ ಕೇಳುತ್ತ ಬೆಳೆದವರು, ಅದೇ ಬಿಜ್ಜಳನು ರಂಗದ ಮೇಲೆ ಬಂದು ತನ್ನ ನೋವನ್ನು ತೋಡಿಕೊಳ್ಳುವಾಗ ಏನು ಮಾಡಬೇಕು? ಕಿವಿ ಮುಚ್ಚಿಕೊಳ್ಳಬೇಕೇ, ಕೇಳಬೇಕೇ? ಈ ಪ್ರಶ್ನೆಯು ಬರಿಯ ರಸವಿಮರ್ಶೆಯದಲ್ಲ.

ಪೂರ್ವದ ಗ್ರಂಥಗಳಲ್ಲಿ ಬಿಜ್ಜಳನಿಗೆ ಎರಡೇ ಮುಖಗಳು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, ಅದನ್ನನುಸರಿಸಿ 1369ರಲ್ಲಿ ಭೀಮಕವಿಯು ರಚಿಸಿದ ಕನ್ನಡ ಪುರಾಣದಲ್ಲಿಯೂ ಅವನು ಭಕ್ತದ್ರೋಹಿ. ಅವನ ವಧೆಯು ಶಿವಾಜ್ಞೆ. ಜೈನಕವಿಯ ಬಿಜ್ಜಳರಾಯಚರಿತೆಯಲ್ಲಿ ಅವನು ಮಂತ್ರಿಯನ್ನು ನಂಬಿ ಮೋಸಹೋದ ರಾಜ. ಎರಡು ಕಡೆಯಲ್ಲಿಯೂ ಒಬ್ಬನು ಕರಿಯ, ಮತ್ತೊಬ್ಬನು ಬಿಳಿಯ. ಅದಲುಬದಲಾಗಿರುವುದು ಬಣ್ಣ ಮಾತ್ರ.

ಶಾಸನಗಳನ್ನು ನೋಡಿದರೆ ಬೇರೊಬ್ಬ ಬಿಜ್ಜಳನು ಕಾಣುತ್ತಾನೆ. ಅವನು ಮಂಗಳವಾಡದ ಕಳಚುರ್ಯ ಮನೆತನದವನು. ಕಲ್ಯಾಣದ ಚಾಳುಕ್ಯರಿಗೆ ಮಹಾಮಂಡಳೇಶ್ವರನಾಗಿದ್ದವನು. ಮೂರನೆಯ ತೈಲಪನ ಕೈ ಸಡಿಲವಾದಾಗ, 1157ರಿಂದ 1162ರ ಒಳಗೆ ಮೆಲ್ಲಮೆಲ್ಲನೆ ಚಕ್ರವರ್ತಿಯ ಬಿರುದುಗಳನ್ನು ತಾಳಿ ಒಡೆಯನ ಸಿಂಹಾಸನವನ್ನೇ ಏರಿದನು. ಆಗ ಸೊಕ್ಕೆಯ ಸುತ್ತಣ ನೊಳಂಬವಾಡಿಯನ್ನು ಚಾಳುಕ್ಯರ ಸಾಮಂತರಾಗಿ ಆಳುತ್ತಿದ್ದವರು ಉಚ್ಚಂಗಿಯ ಪಾಂಡ್ಯರು. ಒಡೆಯನು ಬದಲಾದಾಗ ಯಾರಿಗೆ ತಲೆಬಾಗಬೇಕೆಂಬ ಚಿಂತೆಯು ಇಂಥ ಸಾಮಂತರೆಲ್ಲರ ಆಸ್ಥಾನಗಳಲ್ಲಿಯೂ ಎದ್ದಿರಬೇಕು. ಬಿಜ್ಜಳನ ಲಾಂಛನವು ಸುವರ್ಣವೃಷಭಧ್ವಜವಾದುದರಿಂದ, ಅವನನ್ನು ಶಿವದ್ವೇಷಿಯಾದ ಜೈನನೆಂದು ಸುಲಭವಾಗಿ ಹೇಳಿಬಿಡುವಂತಿಲ್ಲ. 1167ರ ಹೊತ್ತಿಗೆ ಪಟ್ಟವು ಮಗನಾದ ಸೋವಿದೇವನಿಗೆ ಬಂದಿತು. ಆ ವಂಶದವರು ಮುಂದೆ ಹದಿನಾರು ಹದಿನೇಳು ವರ್ಷಗಳಿಗಿಂತ ಹೆಚ್ಚಾಗಿ ಬಾಳಲಿಲ್ಲ. 1183–84ರಲ್ಲಿ ನಾಲ್ಕನೆಯ ಸೋಮೇಶ್ವರನು ಚಾಳುಕ್ಯರ ರಾಜ್ಯವನ್ನು ಮರಳಿ ನಿಲ್ಲಿಸಿದನು. ಕಳಚುರ್ಯರ ಮೂಲಪುರುಷನೊಬ್ಬನು ನಾಪಿತನ ವೇಷದಿಂದ ಕಾಳಂಜರದ ದುಷ್ಟ ರಾಜನನ್ನು ಕೊಂದನೆಂಬ ಕಥೆಯು ಹರಿಹರದ ಶಾಸನದಲ್ಲಿ ಉಂಟು. ಈ ಸಣ್ಣ ಸಂಗತಿಯಿಂದ ಮುಂದೆ ಒಂದು ದೊಡ್ಡ ನಾಟಕವು ಬೆಳೆಯಿತು.

ಲಂಕೇಶರ ಸಂಕ್ರಾಂತಿಯಲ್ಲಿ ಬಿಜ್ಜಳನು ಬಸವಣ್ಣನವರ ಎದುರಾಳಿಯಾಗಿದ್ದರೂ ಲೋಕವನ್ನು ಬಲ್ಲ, ಮಾತು ಬಲ್ಲ ಪುರುಷ. ಎಚ್. ಎಸ್. ಶಿವಪ್ರಕಾಶರ ಮಹಾಚೈತ್ರವು 1986ರಲ್ಲಿ ಬಂದಿತು. ಅದು ಎಬ್ಬಿಸಿದ ವಿವಾದವು ಲಿಂಗಾಯತ ಸಮಾಜದಲ್ಲಿ ಎಲ್ಲರೂ ಬಲ್ಲ ಸಂಗತಿಯಾದುದರಿಂದ ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಬಿಜ್ಜಳನನ್ನು ನಿಜವಾಗಿ ರುದ್ರನಾಯಕನ ಎತ್ತರಕ್ಕೆ ಏರಿಸಿದುದು ಗಿರೀಶ ಕಾರ್ನಾಡರ ತಲೆದಂಡ. 1990ರಲ್ಲಿ ಪ್ರಕಟವಾಗಿ 1994ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಈ ನಾಟಕದಲ್ಲಿ ಬಿಜ್ಜಳನು ಕ್ಷೌರಿಕರ ಕುಲದಿಂದ ಬಂದವನು. ಹಿರಿಯರು ಹೊನ್ನು ಸುರಿದು ಕ್ಷತ್ರಿಯರೆಂಬ ಹೆಸರನ್ನು ಕೊಂಡುಕೊಂಡರೂ, ತನ್ನ ಎದುರು ಬಾಗಿದವರ ಕಣ್ಣಿನ ಮೂಲೆಯಲ್ಲಿ ಹುಟ್ಟಿನ ಹೀಯಾಳಿಕೆಯನ್ನು ಅವನು ದಿನದಿನವೂ ಕಾಣುತ್ತಾನೆ. ಆ ಹೀಯಾಳಿಕೆ ಇಲ್ಲದ ಕಣ್ಣುಗಳನ್ನು ಅವನು ಕಂಡುದು ಶರಣರಲ್ಲಿ ಮಾತ್ರ. ಬಸವಣ್ಣನವರಲ್ಲಿ ಅವನಿಗೆ ಇದ್ದ ಅಕ್ಕರೆಗೆ ಇದೇ ಬೇರು. ಬಿಜ್ಜಳನ ಕುಲವು ಹೀಗೆಯೇ ಇದ್ದಿತೆಂದು ಚರಿತ್ರೆಯು ಒಪ್ಪುವುದಿಲ್ಲ. ಹರಿಹರದ ಕಥೆಯಿಂದ ಅಷ್ಟು ದೂರ ಹೋಗಲಾಗದು. ಆದರೆ ನಾಟಕಕಾರನಿಗೆ ಇಷ್ಟು ಸಲಿಗೆಯನ್ನು ಕೊಡದಿದ್ದರೆ ನಾಟಕವೇ ಇಲ್ಲ.

ಹಾಗಾದರೆ ಈ ಬಿಜ್ಜಳನ ದೋಷವಾವುದು? ಅವನು ಶರಣರನ್ನು ದ್ವೇಷಿಸಿದನೆಂಬುದಲ್ಲ. ಅವನು ಶರಣರ ಮಾತಿನಲ್ಲಿ ತನ್ನ ಗಾಯಕ್ಕೆ ಮದ್ದನ್ನು ಕಂಡನೇ ಹೊರತು, ಆ ಮಾತನ್ನು ತನ್ನ ಸಿಂಹಾಸನದ ಮೇಲೆ ಪ್ರಯೋಗಿಸಿಕೊಳ್ಳಲಿಲ್ಲ. ಒಡೆಯನ ಪೀಠವನ್ನು ಕಸಿದುಕೊಂಡವನಿಗೆ ತನ್ನ ಪೀಠವನ್ನು ಕಸಿಯುವವರ ಭಯವು ಬಿಡದು. ಮಗನನ್ನು ಎದುರಿಗೆ ಹಂಗಿಸಿ ಹೀನಯಿಸಿದನೇ ಹೊರತು ತಿದ್ದಲಿಲ್ಲ. ಆ ಮಗನೇ ಪುರೋಹಿತರೊಡನೆ ಕೂಡಿ ತಂದೆಯನ್ನು ಕೆಳಗಿಳಿಸಿದನು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯು ಗೊತ್ತಾದಾಗ ಅದರ ಪರಿಣಾಮವನ್ನು ಎಲ್ಲರಿಗಿಂತ ಮೊದಲು ಕಂಡವನು ಬಿಜ್ಜಳನೇ. ಕಂಡೂ ಕಾಯಲಾರದೆ ಹೋದನು. ಅರಸನಾದವನು ಕಾಯಲಾರದುದಕ್ಕೆ ಕ್ಷಮೆಯಿಲ್ಲ.

ಇಲ್ಲಿಯೇ ಕೆಲವರು ಆಕ್ಷೇಪಿಸುವರು. ಕಣ್ಣು ಕಳೆದುಕೊಂಡವರು ಹರಳಯ್ಯ ಮಧುವರಸರು. ನಾಟಕ ಬಿಟ್ಟು ಹೊರಬರುವ ಪ್ರೇಕ್ಷಕನ ಕಣ್ಣೀರು ಬಿಜ್ಜಳನಿಗೆ ಸಲ್ಲುವುದಾದರೆ ಇದು ಯಾವ ನ್ಯಾಯ? ಈ ಆಕ್ಷೇಪದಲ್ಲಿ ಸತ್ವವಿದೆ; ಅದನ್ನು ಹಗುರವಾಗಿ ತಳ್ಳಿಹಾಕಬಾರದು. ರಂಗದ ಮೇಲೆ ಹೆಚ್ಚು ಮಾತು ದೊರೆತವನಿಗೆ ಹೆಚ್ಚು ಮರುಕವೂ ದೊರೆಯುವುದು ನಾಟಕದ ಸ್ವಭಾವ. ಅರಸನಿಗೆ ಮಾತು ಬಹಳ. ಪಾದರಕ್ಷೆಯನ್ನು ಹೊಲಿಯುವ ಶರಣನಿಗೆ ಕೆಲವೇ ಮಾತು. ಆದರೂ ಮರುಕವೆಂದರೆ ಬಿಡುಗಡೆಯ ಪತ್ರವಲ್ಲ. ಬಯಲಾಟವನ್ನು ನೋಡಿದ ರೈತನು ದುರ್ಯೋಧನನಿಗಾಗಿ ಅತ್ತು, ಮರುದಿನ ತನ್ನ ದಾಯಾದಿಯು ಹೊಲದ ಬದುವನ್ನು ಒತ್ತಿದಾಗ ‘ದುರ್ಯೋಧನನ ಬುದ್ಧಿ’ ಎಂದೇ ಬೈಯುವನು. ಎರಡೂ ಒಂದೇ ಎದೆಯಿಂದ ಬಂದುವು. ಬಿಜ್ಜಳನನ್ನು ಬರಿಯ ರಾಕ್ಷಸನನ್ನಾಗಿ ಮಾಡಿದರೆ ಹರಳಯ್ಯನವರ ಮರಣವು ರಾಕ್ಷಸನ ಕೈಯ ಮರಣವಾಗುವುದು. ಅದರಲ್ಲಿ ನೋಡುವವರ ಪಾಲು ಏನೂ ಉಳಿಯದು. ಶರಣರನ್ನು ಮೆಚ್ಚಿದವನ ಆಳ್ವಿಕೆಯಲ್ಲಿಯೇ, ಮೆಚ್ಚಿಕೆಯು ಸಾಲದೆ ಹೋದುದರಿಂದ, ಅವರು ಸತ್ತರೆಂದಾಗ ಮಠಕ್ಕೆ ನಡೆದುಕೊಳ್ಳುವ ಪ್ರತಿಯೊಬ್ಬನೂ ತನ್ನ ಮೆಚ್ಚಿಕೆಯನ್ನು ಒಮ್ಮೆ ಮುಟ್ಟಿನೋಡಿಕೊಳ್ಳಬೇಕಾಗುವುದು.

ಬಿಜ್ಜಳನಿಗಿಂತಲೂ ಕಠಿನವಾದ ಪಾತ್ರವು ಜಗದೇವನದು. ಪುರಾಣದಲ್ಲಿ ಅವನು ಆಜ್ಞೆಯನ್ನು ನಡೆಸಿದ ವೀರ. ತಲೆದಂಡದಲ್ಲಿ ಅವನು ಕಿಚ್ಚು ಹೊತ್ತ ತರುಣ. ಅರಸನನ್ನು ಇರಿದ ಅವನ ಕೈಯೇ ಶರಣರ ಬೇಟೆಗೆ ನೆಪವಾಗುತ್ತದೆ. ದಯೆಯನ್ನು ಧರ್ಮದ ಮೂಲವೆಂದ ಗುರುವಿನ ಶಿಷ್ಯನು ಕತ್ತಿ ಹಿಡಿದುದನ್ನು ನೋಡುವಾಗ ಶರಣಪಂಥದ ಪ್ರೇಕ್ಷಕನಿಗೆ ಆಗುವ ಸಂಕಟವು ಉಳಿದವರಿಗೆ ಆಗಲಾರದು.

ಈ ನಾಡಿನ ಮಠಗಳು ನಾಟಕಕ್ಕೆ ಹೆದರಿದವಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ತರಳಬಾಳು ಹುಣ್ಣಿಮೆಯ ಮಹೋತ್ಸವವು 1950ರಲ್ಲಿ ಮೊದಲಾದುದು ಇದೇ ಜಗಳೂರಿನಲ್ಲಿ. ಅದನ್ನು ನಡೆಸಿದ ಸಿರಿಗೆರೆಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳು ಶರಣರ ಚರಿತ್ರೆಯನ್ನು ವಸ್ತುವಾಗಿಟ್ಟುಕೊಂಡು ಮರಣವೇ ಮಹಾನವಮಿ ಮೊದಲಾದ ನಾಟಕಗಳನ್ನು ತಾವೇ ಬರೆದರು. ಸಾಣೇಹಳ್ಳಿಯ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳ ಶಿವಸಂಚಾರ ತಂಡವು 1997ರಲ್ಲಿ ಮೊದಲಾಗಿ ಊರೂರು ಸುತ್ತಿತು. ಕಾವಿಯ ಆಶ್ರಯದಲ್ಲಿ ರಂಗವು ಬೆಳೆದ ಇಂಥ ಸೀಮೆಯಲ್ಲಿ ಬಿಜ್ಜಳನ ಅಳಲನ್ನು ಕೇಳುವ ಕಿವಿಗಳು ಇರದೆ ಹೋಗವು.

ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನ ಶಾಸನವಿದೆ. ರಾಮಯ್ಯನು ಜೈನರೊಡನೆ ಪಂಥ ಹೂಡಿ ತನ್ನ ತಲೆಯನ್ನೇ ಅರಿದು ಶಿವನಿಗೊಪ್ಪಿಸಿ ಮರಳಿ ಪಡೆದನೆಂದೂ, ಸೋತವರು ದೂರು ಕೊಂಡೊಯ್ದಾಗ ಬಿಜ್ಜಳನು ವಿಚಾರಿಸಿ ರಾಮಯ್ಯನಿಗೆ ಜಯಪತ್ರವನ್ನು ಬರೆಸಿಕೊಟ್ಟು ಗುಡಿಗೆ ಭೂಮಿಯನ್ನು ಬಿಟ್ಟನೆಂದೂ ಅದು ಹೇಳುತ್ತದೆ. ಆ ಕಲ್ಲನ್ನು ನಿಲ್ಲಿಸಿದವರು ಶಿವಭಕ್ತರೇ. ಬಿಜ್ಜಳನು ತೀರಿದ ಕೆಲವು ದಶಕಗಳಲ್ಲಿಯೇ, ಕಲ್ಯಾಣದ ಕಥೆಯು ಇನ್ನೂ ಆರದೆ ಇದ್ದ ಕಾಲದಲ್ಲಿ, ಅವರು ಅವನ ಹೆಸರನ್ನು ಅಳಿಸದೆ, ಅವನು ಮಾಡಿದ ನ್ಯಾಯವನ್ನು ಮಾಡಿದಂತೆಯೇ ಕಂಡರಿಸಿ ಇಟ್ಟರು.