ಕೋವಿಡ್ ಕಾಲದ ಆದೇಶಗಳು ಮತ್ತು ಶಿಕ್ಷಕರ ಅರ್ಹತಾ ಪತ್ರ: ತಾಳಮಲೆ ಸೀಮೆಯ ಕನ್ನಡ ಶಾಲೆಗಳು ತಿಳಿದಿರಬೇಕಾದ ವಿಚಾರ

ಕೋವಿಡ್ ಸೋಂಕಿನ ಎರಡು ವರ್ಷಗಳಲ್ಲಿ ಶಿಕ್ಷಣ ಕ್ಷೇತ್ರಕ್ಕೆ ಸಂಬಂಧಿಸಿದಂತೆ ಹೊರಬಿದ್ದ ಆದೇಶಗಳಲ್ಲಿ ಎರಡು ಬಗೆಗಳಿವೆ. ಕೆಲವು ತುರ್ತು ಕ್ರಮಗಳಾಗಿ ಬಂದು ಸೋಂಕಿನೊಡನೆಯೇ ಅಂತ್ಯಗೊಂಡವು. ಉಳಿದವು ಅದೇ ಅವಧಿಯಲ್ಲಿ ಜಾರಿಗೆ ಬಂದರೂ ಕಾಯಂ ನಿಯಮಗಳಾಗಿ ಇಂದಿಗೂ ಉಳಿದಿವೆ. ದಾಖಲೆಗಳ ಮೇಲೆ ಈ ವ್ಯತ್ಯಾಸ ಎದ್ದು ಕಾಣುವುದಿಲ್ಲ. ಹೀಗಾಗಿ ಈರೋಡು ಜಿಲ್ಲೆಯ ತಾಳವಾಡಿ, ತಾಳಮಲೆ, ಆಸನೂರು ಭಾಗದ ಕನ್ನಡ ಮಾಧ್ಯಮ ಶಾಲೆಗಳ ಪೋಷಕರಲ್ಲಿಯೂ ಶಿಕ್ಷಕ ವೃತ್ತಿಯನ್ನು ಬಯಸುವ ಯುವಕ ಯುವತಿಯರಲ್ಲಿಯೂ ಅನೇಕ ತಪ್ಪು ತಿಳಿವಳಿಕೆಗಳು ಬೇರೂರಿವೆ. ಹಳೆಯ ಅರ್ಹತಾ ಪತ್ರ ಸತ್ತುಹೋಗಿದೆಯೆಂದು ಬಗೆದು ಅರ್ಜಿಯನ್ನೇ ಹಾಕದವರಿದ್ದಾರೆ. ಕೋವಿಡ್ ವಿನಾಯಿತಿ ಇನ್ನೂ ಇದೆಯೆಂದು ನಂಬಿ ಪರೀಕ್ಷೆಗೆ ಕುಳಿತುಕೊಳ್ಳದವರೂ ಇದ್ದಾರೆ. ಇವೆರಡರಿಂದಲೂ ನಷ್ಟವಾಗುವುದು ಕನ್ನಡ ಬಲ್ಲ ಶಿಕ್ಷಕರಿಗಾಗಿ ಕಾದಿರುವ ತರಗತಿಗಳಿಗೆ.

ಮೊದಲು ಮೂಲ ನಿಯಮವನ್ನು ನೋಡೋಣ. ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಅದರ 23ನೆಯ ಕಲಮಿನಂತೆ ಶಿಕ್ಷಕರ ಕನಿಷ್ಠ ಅರ್ಹತೆಯನ್ನು ನಿಗದಿಪಡಿಸುವ ಅಧಿಕಾರ ಎನ್‌ಸಿಟಿಇ ಎಂದು ಹೆಸರಾದ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಗೆ ದೊರೆಯಿತು. ಮಂಡಳಿಯು 2010ರ ಆಗಸ್ಟ್ 23ರ ಅಧಿಸೂಚನೆಯ ಮೂಲಕ ಒಂದರಿಂದ ಎಂಟನೆಯ ತರಗತಿಯವರೆಗೆ ಬೋಧಿಸುವವರಿಗೆ ಶಿಕ್ಷಕರ ಅರ್ಹತಾ ಪರೀಕ್ಷೆಯನ್ನು, ಅಂದರೆ ನಾವು ಟಿಇಟಿ ಎನ್ನುವುದನ್ನು, ಕಡ್ಡಾಯಗೊಳಿಸಿತು. 2011ರ ಫೆಬ್ರುವರಿ 11ರ ಮಾರ್ಗಸೂಚಿಯಲ್ಲಿ ಮೂರು ಮಾತುಗಳು ಮುಖ್ಯವಾಗಿದ್ದವು: 150 ಅಂಕಗಳಿಗೆ ಶೇಕಡ 60ರಷ್ಟನ್ನು ಪಡೆದವರು ಉತ್ತೀರ್ಣರು, ಸರ್ಕಾರವು ವರ್ಷಕ್ಕೆ ಒಮ್ಮೆಯಾದರೂ ಪರೀಕ್ಷೆಯನ್ನು ನಡೆಸಬೇಕು, ಅರ್ಹತಾ ಪತ್ರದ ಆಯುಸ್ಸು ಗರಿಷ್ಠ ಏಳು ವರ್ಷ.

ತಮಿಳುನಾಡಿನಲ್ಲಿ ಈ ಹೊಣೆಯನ್ನು ವಹಿಸಿಕೊಂಡದ್ದು ಶಿಕ್ಷಕರ ನೇಮಕಾತಿ ಮಂಡಳಿ. 2012ರ ಜುಲೈ 12ರಂದು ನಡೆದ ಮೊದಲ ಪರೀಕ್ಷೆಯನ್ನು ಆರು ಲಕ್ಷಕ್ಕೂ ಹೆಚ್ಚು ಮಂದಿ ಬರೆದರು. ತೇರ್ಗಡೆಯಾದವರು 2,448 ಮಂದಿ ಮಾತ್ರ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಪೂರಕ ಪರೀಕ್ಷೆಯೂ, ಬಳಿಕ 2013, 2017 ಮತ್ತು 2019ರಲ್ಲಿ ಪರೀಕ್ಷೆಗಳೂ ನಡೆದವು. ವರ್ಷಕ್ಕೊಂದು ಪರೀಕ್ಷೆ ಎಂಬ ನಿಯಮ ಸೋಂಕು ಬರುವ ಮೊದಲೇ ಮುರಿದಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಎಲ್ಲದಕ್ಕೂ ಕೋವಿಡ್ಡನ್ನು ಹೊಣೆಯಾಗಿಸುವುದು ಕಚೇರಿಗಳಿಗೆ ಅನುಕೂಲವಾದ ಅಭ್ಯಾಸವಷ್ಟೆ.

ಸೋಂಕಿನ ವರ್ಷಗಳಲ್ಲಿ ಆದದ್ದೇನು? 2020ರಲ್ಲಾಗಲಿ 2021ರಲ್ಲಾಗಲಿ ತಮಿಳುನಾಡಿನಲ್ಲಿ ಟಿಇಟಿ ನಡೆಯಲಿಲ್ಲ. 2019ರ ಜೂನ್‌ನ ನಂತರ ಮೊದಲ ಪತ್ರಿಕೆ ನಡೆದದ್ದು 2022ರ ಅಕ್ಟೋಬರ್‌ನಲ್ಲಿ, ಎರಡನೆಯ ಪತ್ರಿಕೆ 2023ರ ಫೆಬ್ರುವರಿಯಲ್ಲಿ. ಎರಡೂ ಕಂಪ್ಯೂಟರಿನಲ್ಲಿ ನಡೆದವು. 2020ರ ಜುಲೈ 5ಕ್ಕೆ ನಿಗದಿಯಾಗಿದ್ದ ಕೇಂದ್ರ ಸರ್ಕಾರದ ಸಿಟಿಇಟಿಯೂ ಮುಂದೂಡಲ್ಪಟ್ಟು 2021ರ ಜನವರಿ 31ರಂದು ನಡೆಯಿತು. ಕರ್ನಾಟಕವು ಮಾತ್ರ 2020ರ ಅಕ್ಟೋಬರ್ ಮತ್ತು 2021ರ ಆಗಸ್ಟ್ ತಿಂಗಳಲ್ಲಿ ತನ್ನ ಪರೀಕ್ಷೆಯನ್ನು ನಡೆಸಿತು.

ನಮ್ಮ ಬೆಟ್ಟಸೀಮೆಯ ವಿಶೇಷ ತೊಡಕು ಇಲ್ಲಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅಂದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು, ತಾಳವಾಡಿ ಸೀಮೆ ಮದ್ರಾಸಿನಲ್ಲಿ ಉಳಿಯಿತು. ಆಡಳಿತ ಈರೋಡಿನಲ್ಲಿದ್ದರೂ ಸಂತೆ, ಆಸ್ಪತ್ರೆ, ನೆಂಟಸ್ತಿಕೆ, ಮೇಲಿನ ಓದು ಇವೆಲ್ಲಕ್ಕೂ ಸಮೀಪದ ಊರು ಚಾಮರಾಜನಗರವೇ. ಕನ್ನಡದಲ್ಲಿ ಶಿಕ್ಷಕ ತರಬೇತಿಯನ್ನು ಪಡೆಯಬಯಸುವವರು ಸಹಜವಾಗಿ ಪುಣಜನೂರು ದಾಟಿ ಆ ಕಡೆಗೆ ಹೋಗುತ್ತಾರೆ. 2020ರಲ್ಲಿ ತಮಿಳುನಾಡಿನ ಇ-ಪಾಸ್ ಹಾಗೂ ಕರ್ನಾಟಕದ ಸೇವಾ ಸಿಂಧು ನೋಂದಣಿಯಿಲ್ಲದೆ ಗಡಿ ದಾಟಲು ಅವಕಾಶವಿರಲಿಲ್ಲ. ಅಂತೂ ಕರ್ನಾಟಕದ ಟಿಇಟಿಯಲ್ಲಿ ತೇರ್ಗಡೆಯಾದವರಿಗೆ ಆ ಪತ್ರ ಇಲ್ಲಿ ತಾನಾಗಿಯೇ ಸಲ್ಲುತ್ತದೆಯೆ? ಇಲ್ಲ. ಮತ್ತೊಂದು ರಾಜ್ಯದ ಅರ್ಹತಾ ಪತ್ರವನ್ನು ಪರಿಗಣಿಸಬಹುದು ಎಂದಷ್ಟೇ 2011ರ ಮಾರ್ಗಸೂಚಿ ಹೇಳುತ್ತದೆ, ಪರಿಗಣಿಸಲೇಬೇಕು ಎಂದಲ್ಲ. ಆದಕಾರಣ ಪ್ರತಿಯೊಂದು ನೇಮಕಾತಿ ಪ್ರಕಟಣೆಯಲ್ಲಿಯೂ ಈ ಅಂಶವನ್ನು ಓದಿ ತಿಳಿದುಕೊಳ್ಳಬೇಕು. ರಾಜ್ಯವೊಂದು ಟಿಇಟಿಯನ್ನು ನಡೆಸುವುದೇ ಇಲ್ಲವೆಂದು ತೀರ್ಮಾನಿಸಿದರೆ ಅಲ್ಲಿ ಸಿಟಿಇಟಿಯನ್ನು ಪರಿಗಣಿಸಬೇಕೆಂಬ ಮಾತೂ ಅದೇ ಮಾರ್ಗಸೂಚಿಯಲ್ಲಿದೆ. ಆದರೆ ಎರಡು ವರ್ಷ ಪರೀಕ್ಷೆ ನಡೆಸದಿರುವುದೂ ನಡೆಸುವುದಿಲ್ಲವೆಂದು ತೀರ್ಮಾನಿಸುವುದೂ ಒಂದೇ ಅಲ್ಲ.

ಏಳು ವರ್ಷದ ಮುದ್ರೆ ಮತ್ತು ಆಜೀವ ಮಾನ್ಯತೆ

ಇನ್ನು ಅತ್ಯಂತ ಮುಖ್ಯವಾದ ಬದಲಾವಣೆಗೆ ಬರೋಣ. 2012ರಲ್ಲಿ ಉತ್ತೀರ್ಣರಾದವರ ಏಳು ವರ್ಷಗಳು 2019ರಲ್ಲಿಯೂ, 2013ರ ಪರೀಕ್ಷೆಯವರ ಏಳು ವರ್ಷಗಳು ಸೋಂಕಿನ ನಡುವೆಯೂ ಮುಗಿದವು. ಮರಳಿ ಬರೆಯೋಣವೆಂದರೆ ಪರೀಕ್ಷೆಯೇ ಇಲ್ಲ. ಇಂತಹ ಸ್ಥಿತಿಯಲ್ಲಿ ಎನ್‌ಸಿಟಿಇಯ ಸಾಮಾನ್ಯ ಸಭೆಯು 2020ರ ಸೆಪ್ಟೆಂಬರ್‌ನಲ್ಲಿ ಅರ್ಹತಾ ಪತ್ರಕ್ಕೆ ಆಜೀವ ಮಾನ್ಯತೆ ನೀಡುವ ತೀರ್ಮಾನವನ್ನು ಕೈಗೊಂಡಿತು. 2021ರ ಜೂನ್ 3ರಂದು ಅಂದಿನ ಕೇಂದ್ರ ಶಿಕ್ಷಣ ಸಚಿವ ರಮೇಶ್ ಪೋಖ್ರಿಯಾಲ್ ನಿಶಂಕ್ ಅವರು, 2011ರಿಂದ ಪೂರ್ವಾನ್ವಯವಾಗುವಂತೆ ಟಿಇಟಿ ಪತ್ರಗಳಿಗೆ ಜೀವನಪರ್ಯಂತ ಮಾನ್ಯತೆ ಇರುವುದೆಂದು ಪ್ರಕಟಿಸಿದರು. ಏಳು ವರ್ಷ ಮುಗಿದವರ ಪತ್ರಗಳನ್ನು ಮರುಮಾನ್ಯಗೊಳಿಸುವ ಅಥವಾ ಹೊಸ ಪತ್ರಗಳನ್ನು ನೀಡುವ ಕರ್ತವ್ಯವನ್ನು ರಾಜ್ಯ ಸರ್ಕಾರಗಳಿಗೆ ವಹಿಸಲಾಯಿತು.

ಇದು ತುರ್ತು ವಿನಾಯಿತಿಯಲ್ಲ. ಹೋಲಿಕೆಗಾಗಿ ನೋಡಿದರೆ, ಅವಧಿ ಮುಗಿದ ವಾಹನ ಚಾಲನಾ ಪರವಾನಗಿಗಳಿಗೆ ಕೇಂದ್ರ ಸಾರಿಗೆ ಸಚಿವಾಲಯ ನೀಡಿದ್ದ ವಿಸ್ತರಣೆಯು 2021ರ ಅಕ್ಟೋಬರ್ 31ಕ್ಕೆ ನಿಂತುಹೋಯಿತು. ನ್ಯಾಯಾಲಯಗಳಲ್ಲಿ ದಾವೆ ಹೂಡುವ ಕಾಲಮಿತಿಯಿಂದ 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಅವಧಿಯನ್ನು ಸುಪ್ರೀಂ ಕೋರ್ಟ್ ಹೊರಗಿಟ್ಟಿತು. ಆ ದಿನದೊಂದಿಗೆ ಆ ರಿಯಾಯಿತಿಯೂ ಮುಗಿಯಿತು. ಟಿಇಟಿಯ ಆಜೀವ ಮಾನ್ಯತೆಗೆ ಅಂತಹ ಕೊನೆಯ ದಿನಾಂಕವಿಲ್ಲ. 2013ರ ಪತ್ರದಲ್ಲಿ ಏಳು ವರ್ಷವೆಂದು ಅಚ್ಚಾಗಿದ್ದರೂ ಮಾನ್ಯತೆಯು ನಿಯಮದಿಂದ ಬರುತ್ತದೆಯೇ ಹೊರತು ಅಚ್ಚಿನಿಂದಲ್ಲ. ಹಳೆಯ ಪತ್ರವನ್ನು ಎಸೆಯಬಾರದು. ನೋಂದಣಿ ಸಂಖ್ಯೆ, ಪಡೆದ ಅಂಕ, ಆಯ್ದುಕೊಂಡ ಭಾಷೆ ಇವೆಲ್ಲವನ್ನೂ ಸಾರುವ ಮೂಲ ದಾಖಲೆ ಅದು. ಸೀಮೆಯ ಕನ್ನಡ ಅಭ್ಯರ್ಥಿಗಳಿಗಂತೂ ಮೊದಲ ಭಾಷೆಯ ಕಲಂನಲ್ಲಿ ಕನ್ನಡವೆಂದು ನಮೂದಾಗಿರುವುದೇ ಅದರ ಜೀವಾಳ.

ಇಷ್ಟಾದರೂ ಟಿಇಟಿ ಎಂಬುದು ಅರ್ಹತೆಯೇ ಹೊರತು ನೌಕರಿಯಲ್ಲ. 2018ರ ಆದೇಶದ ಬಳಿಕ ತಮಿಳುನಾಡಿನಲ್ಲಿ ನೇಮಕಾತಿಗೆ ಪ್ರತ್ಯೇಕ ಸ್ಪರ್ಧಾ ಪರೀಕ್ಷೆಯಿದೆ. ಪ್ರಾಥಮಿಕ ಹಂತದ ಶಿಕ್ಷಕರಿಗಾಗಿ ಅದು 2024ರ ಜುಲೈ 21ರಂದು ನಡೆಯಿತು. ಇದಕ್ಕೆ ಮತ್ತೊಂದು ಮೆಟ್ಟಿಲು ಸೇರಿಕೊಂಡಿದೆ. 2021ರ ಡಿಸೆಂಬರ್ 1ರ ಆದೇಶದಂತೆ ಸರ್ಕಾರಿ ನೇಮಕಾತಿ ಪರೀಕ್ಷೆಗಳಲ್ಲಿ ಕಡ್ಡಾಯ ತಮಿಳು ಪತ್ರಿಕೆಯಿದ್ದು, ಅದರಲ್ಲಿ ಶೇಕಡ 40 ಅಂಕ ಪಡೆಯಬೇಕು. ಸೋಂಕಿನ ಕಾಲದಲ್ಲಿ ಬಂದುದರಿಂದ ಇದನ್ನೂ ಕೋವಿಡ್ ನಿಯಮವೆಂದು ಭಾವಿಸಿದವರುಂಟು. ಅದು ಹಾಗಲ್ಲ, ಮುಂದೆಯೂ ಇರತಕ್ಕ ನಿಯಮ.

ಪರೀಕ್ಷೆಯ ಭಾಷೆಯ ಬಗೆಗೂ ಒಂದು ಮಾತು. ತಮಿಳುನಾಡಿನ ಟಿಇಟಿಯಲ್ಲಿ ಮೊದಲ ಭಾಷೆಯಾಗಿ ತಮಿಳು, ತೆಲುಗು, ಮಲಯಾಳಂ, ಕನ್ನಡ, ಉರ್ದು ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಅದು 30 ಅಂಕದ ಭಾಗ. ಶಿಶು ಮನೋವಿಜ್ಞಾನ, ಗಣಿತ, ಪರಿಸರ ಅಧ್ಯಯನದ ಪ್ರಶ್ನೆಗಳು ತಮಿಳು ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇರುತ್ತವೆ. ಕೇರಳದ ಕೆ-ಟೆಟ್‌ನಲ್ಲಿ ಕಾಸರಗೋಡಿನ ಅಭ್ಯರ್ಥಿಗಳಿಗೆ ಕನ್ನಡದಲ್ಲಿ ಪ್ರಶ್ನೆಗಳನ್ನು ಓದುವ ಅನುಕೂಲವಿದೆ. ಕನ್ನಡದಲ್ಲಿಯೇ ಗಣಿತ ಕಲಿತು, ಕನ್ನಡದಲ್ಲಿಯೇ ಗಣಿತ ಕಲಿಸಬೇಕಾದವರನ್ನು ನಮ್ಮಲ್ಲಿ ಇನ್ನೊಂದು ಭಾಷೆಯ ಮೂಲಕ ಅಳೆಯಲಾಗುತ್ತಿದೆ. ಸೋಂಕಿನ ಬಳಿಕ ಎಷ್ಟೋ ನಿಯಮಗಳು ತಿದ್ದುಪಡಿಯಾದವು. ಇದು ಮಾತ್ರ ಆಗಲಿಲ್ಲ. ಪರೀಕ್ಷಾ ಕೇಂದ್ರಕ್ಕೆ ಹೋಗಲು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. 2022ರ ಫೆಬ್ರುವರಿ 10ರಿಂದ ಆ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ಬೆಳಗಿನ ಪಾಳಿಯ ಪರೀಕ್ಷೆಯುಳ್ಳವರು ಹಿಂದಿನ ದಿನವೇ ಹೊರಡುವುದು ಲೇಸು.

ನಿವೃತ್ತಿ ವಯಸ್ಸಿನ ಲೆಕ್ಕ

ಶಿಕ್ಷಕರ ಅರ್ಹತೆಗೂ ನಿವೃತ್ತಿಗೂ ಏನು ಸಂಬಂಧವೆಂದು ಕೇಳಬಹುದು. 2020ರ ಮೇ 7ರಂದು ತಮಿಳುನಾಡು ಸರ್ಕಾರವು ನೌಕರರ ಮತ್ತು ಶಿಕ್ಷಕರ ನಿವೃತ್ತಿ ವಯಸ್ಸನ್ನು 58ರಿಂದ 59ಕ್ಕೆ ಏರಿಸಿತು. 2021ರ ಫೆಬ್ರುವರಿಯಲ್ಲಿ ಅದನ್ನು 60ಕ್ಕೆ ಏರಿಸುವ ಪ್ರಕಟಣೆ ಹೊರಬಿದ್ದಿತು. ಖಜಾನೆಯು ಸೊರಗಿದ್ದ ಕಾಲದ ಕ್ರಮವಾದರೂ ಅದು ಹಿಂದಕ್ಕೆ ಹೋಗಲಿಲ್ಲ. ಆಗ ನಿವೃತ್ತರಾಗಬೇಕಿದ್ದವರು ಎರಡು ವರ್ಷ ಹೆಚ್ಚು ಉಳಿದರು. ತೆರವಾಗಬೇಕಿದ್ದ ಹುದ್ದೆಗಳು ಅಷ್ಟು ತಡವಾಗಿ ತೆರವಾದವು.

ಇದರ ನಿಜವಾದ ಪರಿಣಾಮ ಕಾಣಿಸಿಕೊಂಡದ್ದು 2025ರ ಸೆಪ್ಟೆಂಬರ್ 1ರಂದು. ಅಂಜುಮನ್ ಇಶಾತ್-ಎ-ತಾಲೀಮ್ ಟ್ರಸ್ಟ್ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ದೀಪಂಕರ್ ದತ್ತ ಮತ್ತು ಆಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠವು ತೀರ್ಪಿತ್ತಿತು. ಕಾಯಿದೆಗೆ ಮುಂಚೆ ನೇಮಕಗೊಂಡವರೂ ಟಿಇಟಿಯಿಂದ ಹೊರಗಲ್ಲ ಎಂಬುದು ಅದರ ಸಾರ. ನಿವೃತ್ತಿಗೆ ಐದು ವರ್ಷಕ್ಕಿಂತ ಕಡಿಮೆ ಇರುವವರು ಪರೀಕ್ಷೆಯಿಲ್ಲದೆ ಮುಂದುವರಿಯಬಹುದು, ಆದರೆ ಬಡ್ತಿಗೆ ಅರ್ಹರಲ್ಲ. ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವವರು ಎರಡು ವರ್ಷಗಳೊಳಗೆ ತೇರ್ಗಡೆಯಾಗಬೇಕು. ಇಲ್ಲವಾದರೆ ಸೇವೆಯಿಂದ ಬಿಡಬೇಕಾಗುತ್ತದೆ.

ಈಗ ಲೆಕ್ಕ ಹಾಕಿ ನೋಡಿ. ತೀರ್ಪಿನ ದಿನ 54 ವರ್ಷ ತುಂಬಿದ್ದ ಶಿಕ್ಷಕಿಯೊಬ್ಬರಿಗೆ ನಿವೃತ್ತಿ ವಯಸ್ಸು 58 ಆಗಿದ್ದರೆ ಉಳಿದ ಸೇವೆ ನಾಲ್ಕೇ ವರ್ಷ, ಪರೀಕ್ಷೆಯ ಚಿಂತೆಯಿರಲಿಲ್ಲ. ವಯಸ್ಸು 60 ಆದುದರಿಂದ ಉಳಿದದ್ದು ಆರು ವರ್ಷ, ಪರೀಕ್ಷೆ ಕಡ್ಡಾಯ. ಸ್ಥೂಲವಾಗಿ ಹೇಳುವುದಾದರೆ 1970ರ ಸೆಪ್ಟೆಂಬರ್‌ನಿಂದ 1972ರ ಆಗಸ್ಟ್‌ವರೆಗೆ ಹುಟ್ಟಿದ ಶಿಕ್ಷಕರೆಲ್ಲರನ್ನೂ ಸೋಂಕಿನ ಕಾಲದ ಆದೇಶವೊಂದು ಪರೀಕ್ಷಾ ಕೊಠಡಿಗೆ ತಂದು ನಿಲ್ಲಿಸಿದೆ. ಸೇವಾ ಪುಸ್ತಕದಲ್ಲಿನ ಜನ್ಮದಿನಾಂಕ ಮತ್ತು ನಿವೃತ್ತಿ ದಿನಾಂಕದ ನಮೂದು ಸರಿಯಾಗಿದೆಯೇ ಎಂದು ಇವರು ಇಂದೇ ನೋಡಿಕೊಳ್ಳತಕ್ಕದ್ದು.

ಪೋಷಕರಲ್ಲಿ ಹರಡಿರುವ ಒಂದು ಭ್ರಮೆಯನ್ನು ಇಲ್ಲಿ ನಿವಾರಿಸಬೇಕು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸದೆಂದು 2014ರ ಮೇ 6ರ ಪ್ರಮತಿ ತೀರ್ಪು ಹೇಳಿತ್ತು. ಆ ಪ್ರಶ್ನೆಯನ್ನು 2025ರ ಪೀಠವು ವಿಸ್ತೃತ ಪೀಠದ ಪರಿಶೀಲನೆಗೆ ಕೋರಿ ಕಳುಹಿಸಿದೆ. ನಾವು ಭಾಷಾ ಅಲ್ಪಸಂಖ್ಯಾತರು, ಆದುದರಿಂದ ನಮ್ಮ ಶಾಲೆಗೆ ಟಿಇಟಿ ಬೇಡ ಎನ್ನುವವರು ಒಂದು ಭೇದವನ್ನು ಮರೆಯುತ್ತಾರೆ. ಸಂವಿಧಾನದ 30ನೆಯ ವಿಧಿಯ ರಕ್ಷಣೆಯಿರುವುದು ಅಲ್ಪಸಂಖ್ಯಾತರು ತಾವೇ ಸ್ಥಾಪಿಸಿ ನಡೆಸುವ ಸಂಸ್ಥೆಗಳಿಗೆ. ಪಂಚಾಯತ್ ಯೂನಿಯನ್ ಶಾಲೆಯಲ್ಲಿ ಕನ್ನಡದ ಮಕ್ಕಳು ಓದುತ್ತಿದ್ದರೂ ಅದು ಸರ್ಕಾರಿ ಶಾಲೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಕೇಳುವ ನಮ್ಮ ಆಧಾರವಿರುವುದು 350-ಎ ವಿಧಿಯಲ್ಲಿ.

ಅಂಕಪಟ್ಟಿಗಳು

ತುರ್ತು ನಿಯಮಗಳ ಗುರುತು ಉಳಿದಿರುವ ಇನ್ನೊಂದು ಜಾಗ ನಾಳಿನ ಶಿಕ್ಷಕರ ಅಂಕಪಟ್ಟಿ. 2020ರಲ್ಲಿ ತಮಿಳುನಾಡಿನ ಹತ್ತನೆಯ ತರಗತಿಗೆ ತ್ರೈಮಾಸಿಕ ಮತ್ತು ಅರ್ಧವಾರ್ಷಿಕ ಪರೀಕ್ಷೆಗಳಿಂದ ಶೇಕಡ 80, ಹಾಜರಾತಿಯಿಂದ ಶೇಕಡ 20 ಎಂದು ಅಂಕ ನೀಡಲಾಯಿತು. 2021ರಲ್ಲಿ ಅಂಕಗಳೇ ಇಲ್ಲ, ಉತ್ತೀರ್ಣ ಎಂಬ ಪದ ಮಾತ್ರ. ಅದೇ ವರ್ಷ ಹನ್ನೆರಡನೆಯ ತರಗತಿಗೆ ಹತ್ತರಿಂದ ಶೇಕಡ 50, ಹನ್ನೊಂದರಿಂದ 20, ಹನ್ನೆರಡರ ಆಂತರಿಕ ಮೌಲ್ಯಮಾಪನದಿಂದ 30 ಎಂಬ ಸೂತ್ರ. ಈ ಮಕ್ಕಳೇ ಈಗ ಡಿ.ಎಲ್.ಎಡ್., ಬಿ.ಎಡ್. ಮುಗಿಸಿ ಟಿಇಟಿಯ ಬಾಗಿಲಿಗೆ ಬರುತ್ತಿದ್ದಾರೆ. ಅಂಕವಿಲ್ಲದ ಪಟ್ಟಿಯು ದೋಷಯುಕ್ತ ದಾಖಲೆಯಲ್ಲ, ಸರ್ಕಾರವೇ ಹಾಗೆ ನೀಡಿದ್ದು. ಗಡಿಯಾಚೆಯ ಕಾಲೇಜಿನಲ್ಲಿ ಯಾರಾದರೂ ಪ್ರಶ್ನಿಸಿದರೆ ಪರೀಕ್ಷಾ ನಿರ್ದೇಶನಾಲಯದ ಆ ವರ್ಷದ ಆದೇಶದ ಪ್ರತಿಯನ್ನು ಜೊತೆಗಿಡುವುದು ಒಳ್ಳೆಯದು.

ಶಾಲೆಗಳು ತೆರೆದ ಬಳಿಕ 2022ರಲ್ಲಿ ಖಾಲಿ ಹುದ್ದೆಗಳಿಗೆ 13,331 ತಾತ್ಕಾಲಿಕ ಶಿಕ್ಷಕರನ್ನು ಶಾಲಾ ನಿರ್ವಹಣಾ ಸಮಿತಿಗಳ ಮೂಲಕ ತೆಗೆದುಕೊಳ್ಳುವ ಏರ್ಪಾಡಾಯಿತು. ಪ್ರಾಥಮಿಕ ಹಂತದವರಿಗೆ ತಿಂಗಳಿಗೆ 7,500 ರೂಪಾಯಿ. 2021ರ ಅಕ್ಟೋಬರ್‌ನಲ್ಲಿ ಆರಂಭವಾದ ಇಲ್ಲಂ ತೇಡಿ ಕಲ್ವಿ ಯೋಜನೆಯಲ್ಲಿ ಹನ್ನೆರಡನೆಯ ತರಗತಿ ಓದಿದ ಸ್ವಯಂಸೇವಕರೂ ಮಕ್ಕಳಿಗೆ ಪಾಠ ಹೇಳಿದರು. ಇವರ ಸೇವೆ ದೊಡ್ಡದು. ಆದರೆ ಈ ಸೇವೆಯ ಪತ್ರಗಳು ಟಿಇಟಿಗೆ ಬದಲಿಯಲ್ಲ.

ಶಾಲಾ ನಿರ್ವಹಣಾ ಸಮಿತಿಯಲ್ಲಿರುವ ಪೋಷಕರು ತಮ್ಮ ಶಾಲೆಯ ಸ್ಥಿತಿಯನ್ನು ತಿಳಿಯಲು ಯಾವೊಬ್ಬ ಶಿಕ್ಷಕರ ಖಾಸಗಿ ದಾಖಲೆಯನ್ನೂ ಕೇಳಬೇಕಾಗಿಲ್ಲ. ಮಂಜೂರಾದ ಕನ್ನಡ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು, ಎರಡು ವರ್ಷದ ಗಡುವು ಮುಗಿಯುವ 2027ರ ಆಗಸ್ಟ್ ಕೊನೆಯೊಳಗೆ ಟಿಇಟಿ ಬರೆಯಬೇಕಾದವರು ಎಷ್ಟು ಮಂದಿ ಎಂಬ ಮೂರು ಸಂಖ್ಯೆಗಳನ್ನು 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಕೇಳಿದರೆ ಸಾಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಅವಧಿ. ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆಯಬೇಕೆಂದು ಕಾಯಿದೆಯ 6ನೆಯ ಕಲಂ ಹೇಳುವುದರಿಂದ, ಕನ್ನಡ ಹುದ್ದೆಗಳ ಬಗೆಗಿನ ಈ ಅರ್ಜಿಯನ್ನು ಸದ್ಯಕ್ಕೆ ತಮಿಳಿನಲ್ಲಿಯೇ ಬರೆಸಿ ಸಲ್ಲಿಸುವುದು ಸುರಕ್ಷಿತ.